ಕಾಫಿಸೀಮೆಯ ಕಂದು ಹಕ್ಕಿ: ಫಿಂಚ್ ಗುರುತಿಸುವ ಬಗೆ, ಕೈಪಿಡಿ ಆರಿಸುವ ಬಗೆ

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನ ಸುತ್ತ ಕಾಫಿ ತೋಟ, ತಗ್ಗಿನ ಭತ್ತದ ಗದ್ದೆ, ಹಳ್ಳದಂಚಿನ ಬಿದಿರುಮೆಳೆ, ಬೇಲಿಗುಂಟ ಹಬ್ಬಿದ ಲಂಟಾನ ಪೊದೆ ಇವೆಲ್ಲ ಒಂದಕ್ಕೊಂದು ತಾಗಿಕೊಂಡೇ ಇರುವುದರಿಂದ, ಕಾಳು ತಿಂದು ಬದುಕುವ ಸಣ್ಣ ಹಕ್ಕಿಗಳಿಗೆ ವರ್ಷದ ಎಲ್ಲ ತಿಂಗಳುಗಳಲ್ಲೂ ಅಲ್ಲಿ ಏನಾದರೊಂದು ಆಹಾರ ದೊರೆಯುತ್ತದೆ. ಗದ್ದೆಯ ಕೊಯ್ಲು ಮುಗಿದು ಕಾಫಿ ಕೊಯ್ಲು ನಡೆಯುವ ಡಿಸೆಂಬರ್, ಜನವರಿಯ ವೇಳೆಗೆ ಇಂಥ ಹಕ್ಕಿಗಳ ಹಿಂಡುಗಳು ಎದ್ದು ಕಾಣುತ್ತವೆ. ಅವುಗಳ ನಡುವೆ ಗುಬ್ಬಚ್ಚಿಯ ಗಾತ್ರದ, ಮೊಂಡು ಕೊಕ್ಕಿನ, ಮಾಸಲು ಕಂದು ಬಣ್ಣದ ಒಂದು ಹಕ್ಕಿ ಕಂಡು, ಅದು ಗುಬ್ಬಚ್ಚಿಯೂ ಅಲ್ಲ, ಗೀಜಗವೂ ಅಲ್ಲ ಎನ್ನಿಸಿದಾಗ, ಅದನ್ನು ಗುರುತಿಸುವ ಕೆಲಸ ನವಿಲನ್ನೋ ಮಿಂಚುಳ್ಳಿಯನ್ನೋ ಗುರುತಿಸುವಷ್ಟು ಹಗುರವಲ್ಲ. ಪಕ್ಷಿವೀಕ್ಷಣೆಯ ನಿಜವಾದ ವಿದ್ಯೆ ಬಣ್ಣದ ಹಕ್ಕಿಗಳಿಗಿಂತ ಇಂಥ ಬಣ್ಣಗೆಟ್ಟ ಹಕ್ಕಿಗಳಲ್ಲೇ ಇದೆಯೆಂದರೆ ತಪ್ಪಾಗಲಾರದು. ಪಕ್ಷಿ ಕೈಪಿಡಿಯೊಂದರ ಯೋಗ್ಯತೆ ತಿಳಿಯುವುದೂ ಇಲ್ಲಿಯೇ.

ಫಿಂಚ್ ಎಂಬ ಹೆಸರನ್ನು ಜನಬಳಕೆಯಲ್ಲಿ ದಪ್ಪ ಶಂಕುವಿನಾಕಾರದ ಕೊಕ್ಕಿರುವ ಯಾವುದೇ ಸಣ್ಣ ಹಕ್ಕಿಗೆ ಅಂಟಿಸುವ ರೂಢಿಯಿದೆ. ವಿಜ್ಞಾನಿಗಳು ಮಾತ್ರ ಅದನ್ನು ಫ್ರಿಂಜಿಲಿಡೇ ಎಂಬ ಒಂದೇ ಕುಟುಂಬಕ್ಕೆ ಮೀಸಲಿಟ್ಟಿದ್ದಾರೆ. ಗ್ಯಾಲಪಗಾಸ್ ದ್ವೀಪಗಳ ಪ್ರಸಿದ್ಧ ಡಾರ್ವಿನ್ ಫಿಂಚ್‌ಗಳು ಈ ಕುಟುಂಬಕ್ಕೆ ಸೇರದೆ ದಕ್ಷಿಣ ಅಮೆರಿಕದ ಟ್ಯಾನೆಜರ್‌ಗಳ ಬಳಗಕ್ಕೆ ಸೇರುತ್ತವೆ. ಸಾಕುಹಕ್ಕಿಗಳ ಅಂಗಡಿಯಲ್ಲಿ ಮಾರುವ ಜೀಬ್ರಾ ಫಿಂಚ್ ನಮ್ಮ ರಾಟವಾಳಗಳ, ಅಂದರೆ ಮುನಿಯಗಳ, ಕುಟುಂಬಕ್ಕೆ ಸೇರುತ್ತದೆ. ರಕ್ತಸಂಬಂಧವಿಲ್ಲದ ಕುಲಗಳು ಒಂದೇ ಬಗೆಯ ಆಹಾರಕ್ಕೆ ಒಗ್ಗಿಕೊಳ್ಳುತ್ತ ಒಂದೇ ಬಗೆಯ ರೂಪ ತಳೆಯುವ ಈ ವಿದ್ಯಮಾನಕ್ಕೆ ಜೀವಶಾಸ್ತ್ರದಲ್ಲಿ ಸಮಾಭಿಮುಖ ವಿಕಾಸ ಎನ್ನುತ್ತಾರೆ. ಹಿಮಾಲಯದಲ್ಲಿ ನಿಜ ಫಿಂಚ್‌ಗಳ ಹತ್ತಾರು ಪ್ರಭೇದಗಳಿದ್ದರೂ ಕರ್ನಾಟಕದಲ್ಲಿ ತಪ್ಪದೆ ಕಾಣಸಿಗುವುದು ಒಂದೇ ಒಂದು, ಚಳಿಗಾಲದ ಅತಿಥಿಯಾದ ಸಾಮಾನ್ಯ ರೋಸ್‌ಫಿಂಚ್. ಹಾಗಾಗಿ ಗೋಣಿಬೀಡಿನಲ್ಲಿ ಫಿಂಚಿನಂತೆ ಕಂಡ ಹಕ್ಕಿಯ ಮುಂದೆ ಇರುವ ಮೊದಲ ಪ್ರಶ್ನೆ, ಅದು ಈ ರೋಸ್‌ಫಿಂಚೋ ಅಥವಾ ಅದರ ವೇಷ ತಳೆದ ಬೇರೆ ಕುಟುಂಬದ ಹಕ್ಕಿಯೋ ಎಂಬುದು.

ಕೊಕ್ಕು ಒಂದೇ ತೆರನಾಗಲು ಕಾರಣ ಅದರ ಕೆಲಸ. ಕಾಳಿನ ಸಿಪ್ಪೆ ಸುಲಿಯದೆ ಒಳಗಿನ ತಿರುಳು ದಕ್ಕುವುದಿಲ್ಲವಾದ್ದರಿಂದ, ಈ ಹಕ್ಕಿಗಳು ಕಾಳನ್ನು ಮೇಲ್ದವಡೆಯ ಅಂಚಿನ ತೋಡಿನಲ್ಲಿ ಸಿಕ್ಕಿಸಿ, ಕೆಳದವಡೆಯ ಹರಿತವಾದ ಅಂಚಿನಿಂದ ಒತ್ತಿ ಒಡೆದು, ನಾಲಗೆಯಿಂದ ಹೊರಳಿಸುತ್ತ ಸಿಪ್ಪೆಯನ್ನು ಬದಿಯಿಂದ ಹೊರಹಾಕುತ್ತವೆ. ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಮೊನಚಾಗಿರುವ ಕೊಕ್ಕು ಇಂಥ ಒತ್ತಡವನ್ನು ತಡೆಯಬಲ್ಲದು. ಆದರೆ ಕೊಕ್ಕಿನ ಒಟ್ಟು ಆಕಾರ ಸಮಾನವಾದರೂ ಅದರ ಬೆನ್ನಿನ ಬಾಗು, ಉದ್ದ ಮತ್ತು ಬಣ್ಣ ಸಮಾನವಲ್ಲ. ರೋಸ್‌ಫಿಂಚಿನ ಕೊಕ್ಕು ಗಿಡ್ಡವಾಗಿ, ಬೆನ್ನು ಉಬ್ಬಿ, ಮೊಂಡಾಗಿ ಕಂಡರೆ, ರಾಟವಾಳದ ಕೊಕ್ಕು ಹಣೆಯ ನೇರಕ್ಕೇ ಇಳಿಯುವ ನೀಲಿಮಿಶ್ರಿತ ಬೂದು ತ್ರಿಕೋನದಂತಿರುತ್ತದೆ. ಗೀಜಗದ ಕೊಕ್ಕು ಇವೆರಡಕ್ಕಿಂತ ತುಸು ಉದ್ದ.

ರೋಸ್‌ಫಿಂಚ್ ಯುರೋಪಿನ ಪೂರ್ವಭಾಗದಿಂದ ಸೈಬೀರಿಯದವರೆಗೆ, ಮಧ್ಯ ಏಷ್ಯಾದಲ್ಲಿ ಮತ್ತು ಹಿಮಾಲಯದ ಎತ್ತರದ ಕುರುಚಲು ಕಾಡುಗಳಲ್ಲಿ ಬೇಸಿಗೆಯಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ಭಾರತದ ಬಯಲು ಮತ್ತು ಬೆಟ್ಟಗಳಿಗೆ ಇಳಿಯುವ ವಲಸೆ ಹಕ್ಕಿ. 1770ರಲ್ಲಿ ಪೀಟರ್ ಸೈಮನ್ ಪಲ್ಲಾಸ್ ಇದಕ್ಕೆ ಮೊದಲು ವೈಜ್ಞಾನಿಕ ಹೆಸರಿಟ್ಟರು. ಬೆಳೆದ ಗಂಡಿನ ತಲೆ, ಎದೆ ಮತ್ತು ಸೊಂಟ ಗುಲಾಬಿ ಛಾಯೆಯ ಕೆಂಪಾಗಿದ್ದು, ರೆಕ್ಕೆ ಮತ್ತು ಬಾಲ ಕಂದಾಗಿರುತ್ತವೆ; ಅದನ್ನು ಗುರುತಿಸಲು ಯಾವ ಪುಸ್ತಕವಾದರೂ ಸಾಕು. ಹೆಣ್ಣು ಹಾಗಲ್ಲ. ಅದರ ಮೈಯೆಲ್ಲ ಹಸಿರು ಛಾಯೆಯ ಮಂಕು ಕಂದು, ಎದೆಯ ಮೇಲೆ ಅಳಿಸಿದಂಥ ಕಂದು ಗೀರುಗಳು, ರೆಕ್ಕೆಗೆ ಅಡ್ಡಲಾಗಿ ಎರಡು ಮಸುಕಾದ ಪಟ್ಟಿಗಳು, ತುದಿಯಲ್ಲಿ ಸೀಳಿದಂತೆ ತುಸು ಕವಲೊಡೆದ ಬಾಲ, ಇಷ್ಟೇ ಅದರ ಗುರುತುಗಳು. ಎಲ್ಲಕ್ಕಿಂತ ಮುಖ್ಯವಾದುದು ಅದರ ಮುಖದಲ್ಲಿ ಏನೂ ಇಲ್ಲದಿರುವುದು: ಕಣ್ಣಿನ ಮೇಲೆ ಹಾಯುವ ಬಿಳಿ ಹುಬ್ಬಾಗಲಿ, ಕೆನ್ನೆಯ ಪಟ್ಟಿಯಾಗಲಿ ಇಲ್ಲದ ಬೋಳು ಮುಖದಲ್ಲಿ ಕರಿಮಣಿಯಂಥ ಕಣ್ಣೊಂದೇ ಎದ್ದು ಕಾಣುತ್ತದೆ.

ಇದರೊಂದಿಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಗಂಡು ಹಕ್ಕಿಗೆ ಕೆಂಪು ಬಣ್ಣ ಹುಟ್ಟಿದ ವರ್ಷವೇ ಬರುವುದಿಲ್ಲ. ಮೊದಲ ಚಳಿಗಾಲದಲ್ಲೂ ಅದರ ಮುಂದಿನ ಬೇಸಿಗೆಯಲ್ಲೂ ಅದು ಹೆಣ್ಣಿನಂತೆಯೇ ಕಂದಾಗಿರುತ್ತದೆ, ಆ ಕಂದು ವೇಷದಲ್ಲೇ ಹಾಡಿ ಜೊತೆಗಾತಿಯನ್ನು ಅರಸುವುದೂ ಉಂಟು. ಆದ್ದರಿಂದ ಲಂಟಾನ ಪೊದೆಯಲ್ಲಿ ಹತ್ತು ಕಂದು ಹಕ್ಕಿಗಳ ನಡುವೆ ಒಂದೇ ಕೆಂಪು ಹಕ್ಕಿ ಕಂಡರೆ ಉಳಿದ ಹತ್ತೂ ಹೆಣ್ಣೆಂದು ಬರೆದುಕೊಳ್ಳುವುದು ಆತುರದ ನಿರ್ಣಯ. ಕೆಂಪು ಬಣ್ಣವೂ ಸ್ಥಿರವಲ್ಲ. ಅದು ಆಹಾರದಿಂದ ದೊರೆಯುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳಿಂದ ಬರುವುದರಿಂದ, ಪಂಜರದಲ್ಲಿ ಬರಿಯ ಕಾಳು ತಿಂದು ಗರಿ ಬದಲಿಸಿದ ಗಂಡು ಹಕ್ಕಿ ಕೆಂಪು ಕಳೆದುಕೊಂಡು ಹಳದಿಗೆ ತಿರುಗುತ್ತದೆ.

ಈ ಹಕ್ಕಿಯನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯ ಸುಳಿವೊಂದು ದೊರೆಯುತ್ತದೆ. ಮದರಾಸು ಸೈನ್ಯದಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡನ್ 1862ರಿಂದ 1864ರ ನಡುವೆ ಪ್ರಕಟಿಸಿದ ಭಾರತದ ಹಕ್ಕಿಗಳ ಗ್ರಂಥದಲ್ಲಿ, ದಕ್ಷಿಣದಲ್ಲಿ ತಾವು ಈ ಹಕ್ಕಿಯನ್ನು ಹೆಚ್ಚಾಗಿ ಬಿದಿರ ಕಾಡಿನಲ್ಲಿ, ಬಿದಿರಕ್ಕಿ ತಿನ್ನುತ್ತಿರುವಾಗ ಕಂಡುದಾಗಿ ದಾಖಲಿಸಿದ್ದಾರೆ. ಮಲೆನಾಡಿನ ಹೆಬ್ಬಿದಿರು ನಾಲ್ಕು ದಶಕಗಳಿಗೂ ಮಿಕ್ಕ ಅಂತರದಲ್ಲಿ ಒಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಅಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಒಣಗಿ ಸಾಯುವುದರಿಂದ ಅಂಥ ಸುಗ್ಗಿ ಒಬ್ಬರ ಆಯುಷ್ಯದಲ್ಲಿ ಒಂದೆರಡು ಬಾರಿ ಮಾತ್ರ ಬರುತ್ತದೆ. ಉಳಿದ ವರ್ಷಗಳಲ್ಲಿ ರೋಸ್‌ಫಿಂಚ್ ಲಂಟಾನದ ಹಣ್ಣು, ಪೊದೆಗಳ ಮೊಗ್ಗು, ಅತ್ತಿ ಜಾತಿಯ ಹಣ್ಣುಗಳ ಬೀಜ, ಹುಲ್ಲಿನ ಕಾಳು ಇವನ್ನು ನೆಚ್ಚುತ್ತದೆ. ಅದು ಪೊದೆಯ ಮೇಲೆ ಕುಳಿತು ಗದ್ದಲವಿಲ್ಲದೆ ತಿನ್ನುತ್ತದೆ, ಬೆದರಿದರೆ ಮರದ ತುದಿಗೆ ಹಾರುತ್ತದೆ, ಕೊನೆಯಲ್ಲಿ ಪ್ರಶ್ನೆ ಕೇಳಿದಂತೆ ಸ್ವರ ಏರುವ ಮೃದುವಾದ ಸಿಳ್ಳೆ ಹಾಕುತ್ತದೆ. ಕಂದು ಹಕ್ಕಿಗಳ ವಿಷಯದಲ್ಲಿ ಈ ನಡವಳಿಕೆ ಗರಿಯ ಬಣ್ಣಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿ.

ಆದರೂ ಗೋಣಿಬೀಡಿನಲ್ಲಿ ಫಿಂಚ್ ಎಂದು ತೋರುವ ಹಕ್ಕಿಗಳಲ್ಲಿ ಬಹುಪಾಲು ರಾಟವಾಳಗಳೇ ಆಗಿರುತ್ತವೆ. ಎಸ್ಟ್ರಿಲ್ಡಿಡೇ ಕುಟುಂಬಕ್ಕೆ ಸೇರಿದ ಇವು ಹತ್ತರಿಂದ ಹನ್ನೆರಡು ಸೆಂಟಿಮೀಟರ್ ಉದ್ದದ, ಗುಬ್ಬಚ್ಚಿಗಿಂತ ಸ್ಪಷ್ಟವಾಗಿ ಚಿಕ್ಕ ಹಕ್ಕಿಗಳು. ಹುಲ್ಲಿನಿಂದ ಗೋಳಾಕಾರದ, ಪಕ್ಕಕ್ಕೆ ಬಾಗಿಲುಳ್ಳ ಗೂಡು ಕಟ್ಟುತ್ತವೆ, ಮೊಟ್ಟೆಯಿಡುವ ಕಾಲ ಮುಗಿದ ಮೇಲೂ ರಾತ್ರಿ ತಂಗಲು ಅದನ್ನೇ ಬಳಸುವುದುಂಟು. ಚುಕ್ಕೆ ರಾಟವಾಳದ ಎದೆಯ ಮೇಲೆ ಬಿಳಿಯ ಹಿನ್ನೆಲೆಯಲ್ಲಿ ಕಂದು ಬಣ್ಣದ ಮೀನಿನ ಹುರುಪೆಯಂಥ ವಿನ್ಯಾಸವಿರುತ್ತದೆ. ಕರಿತಲೆಯ ರಾಟವಾಳಕ್ಕೆ ಕಪ್ಪು ತಲೆ, ಇಟ್ಟಿಗೆಗೆಂಪು ಬೆನ್ನು, ನಡುವೆ ಕಪ್ಪು ಮಚ್ಚೆಯುಳ್ಳ ಬಿಳಿ ಹೊಟ್ಟೆ. ಬಿಳಿಸೊಂಟದ ರಾಟವಾಳ ಕಾಡಂಚು ಮತ್ತು ತೋಟಗಳಿಗೆ ಹೆಚ್ಚು ಒಗ್ಗಿಕೊಂಡ ಹಕ್ಕಿ. ಹಾರುವಾಗ ಕಪ್ಪು ಬಾಲದ ಬುಡದಲ್ಲಿ ಬಿಳಿ ಪಟ್ಟೆ ಮಿಂಚುವುದರಿಂದ ಹಿಂಬದಿಯಿಂದಲೇ ಗುರುತು ಹತ್ತುತ್ತದೆ.

ಇವುಗಳಿಗಿಂತ ಕಾಫಿ ಬೆಟ್ಟಗಳಿಗೆ ವಿಶೇಷವಾದುದು ಕಪ್ಪು ಗಂಟಲಿನ ರಾಟವಾಳ. ಜಗತ್ತಿನಲ್ಲಿ ಅದು ಕಾಣಸಿಗುವುದು ಪಶ್ಚಿಮ ಘಟ್ಟದ ದಕ್ಷಿಣ ಭಾಗ, ಪೂರ್ವ ಘಟ್ಟದ ಕೆಲವು ಬೆಟ್ಟಗಳು ಮತ್ತು ಶ್ರೀಲಂಕಾ, ಇಷ್ಟರಲ್ಲಿ ಮಾತ್ರ. ಮುಖದಿಂದ ಗಂಟಲಿನವರೆಗೆ ಕಪ್ಪು, ಕುತ್ತಿಗೆಯ ಬದಿಯಿಂದ ಹೊಟ್ಟೆಯವರೆಗೆ ನಸುಗೆಂಪು ಕಂದು. ಬಿಳಿಸೊಂಟದ ರಾಟವಾಳದ ಬಿಳಿ ಹೊಟ್ಟೆಯಾಗಲಿ ಬಿಳಿ ಸೊಂಟವಾಗಲಿ ಇದಕ್ಕಿಲ್ಲ. ಉತ್ತರ ಭಾರತವನ್ನು ಮುಖ್ಯವಾಗಿ ಇಟ್ಟುಕೊಂಡು ಬರೆದ ಪುಸ್ತಕಗಳಲ್ಲಿ ಈ ಹಕ್ಕಿ ಸಿಗುವುದು ಸಂದೇಹ, ಸಿಕ್ಕರೂ ಮೂಲೆಯ ಸಣ್ಣ ಚಿತ್ರವಾಗಿ ಸಿಗುತ್ತದೆ.

ನಿಜವಾದ ಗೊಂದಲ ಹುಟ್ಟಿಸುವುದು ರಾಟವಾಳದ ಮರಿಗಳು. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಗೂಡು ಬಿಟ್ಟ ಮರಿಗಳಿಗೆ ಹುರುಪೆಯೂ ಇಲ್ಲ, ಕಪ್ಪು ತಲೆಯೂ ಇಲ್ಲ. ಚುಕ್ಕೆ ರಾಟವಾಳ ಮತ್ತು ಕರಿತಲೆಯ ರಾಟವಾಳದ ಮರಿಗಳು ಎರಡೂ ಗೆರೆಯಿಲ್ಲದ ಮಾಸಲು ಕಂದು ಬಣ್ಣದಲ್ಲಿ ಒಂದರಂತೆ ಇನ್ನೊಂದಿರುತ್ತವೆ, ಮೇಲಾಗಿ ಬೆರಕೆ ಹಿಂಡಿನಲ್ಲಿ ತಿರುಗುತ್ತವೆ. ರೋಸ್‌ಫಿಂಚ್ ಉತ್ತರದಿಂದ ಬಂದಿಳಿಯುವ ತಿಂಗಳುಗಳೂ ಈ ಮರಿಗಳು ಗದ್ದೆಬದುವಿನಲ್ಲಿ ತುಂಬಿರುವ ತಿಂಗಳುಗಳೂ ಒಂದೇ ಆಗಿರುವುದರಿಂದ, ಅಕ್ಟೋಬರಿನಿಂದ ಜನವರಿಯವರೆಗಿನ ಅವಧಿ ಕಂದು ಹಕ್ಕಿಗಳ ಮಟ್ಟಿಗೆ ಅತ್ಯಂತ ಕಠಿಣ. ಬಿಡಿಸುವ ದಾರಿ ಮೂರು ಅಂಗಗಳಲ್ಲಿದೆ: ರಾಟವಾಳದ ಮರಿಯ ಎದೆಯಲ್ಲಿ ಗೀರುಗಳಿಲ್ಲ, ರೆಕ್ಕೆಯಲ್ಲಿ ಮಸುಕು ಪಟ್ಟಿಗಳಿಲ್ಲ, ಬಾಲ ಕವಲೊಡೆಯದೆ ತುದಿಗೆ ಚೂಪಾಗುತ್ತದೆ. ಹಿಂಡಿನ ಸ್ವಭಾವವೂ ನೆರವಿಗೆ ಬರುತ್ತದೆ. ರಾಟವಾಳಗಳು ಹುಲ್ಲಿನ ತೆನೆಗೇ ಜೋತುಬಿದ್ದು ಕಾಳು ಕೀಳುತ್ತವೆ, ಎದ್ದರೆ ಒತ್ತೊತ್ತಾಗಿ ಒಟ್ಟಿಗೇ ಎದ್ದು ಒಂದೇ ಕಡೆ ಇಳಿಯುತ್ತವೆ.

ಕೆಂಪು ಬಣ್ಣ ಕಂಡಕೂಡಲೇ ರೋಸ್‌ಫಿಂಚ್ ಎನ್ನುವುದೂ ಸಲ್ಲ. ಕೆಂಪು ರಾಟವಾಳದ ಗಂಡು ಮಳೆಗಾಲದ ಸಂತಾನಕಾಲದಲ್ಲಿ ಕಡುಗೆಂಪು ಮೈಮೇಲೆ ಬಿಳಿ ಚುಕ್ಕೆ ತಳೆದು, ಆಮೇಲೆ ಗರಿ ಬದಲಿಸಿ ಹೆಣ್ಣಿನಂತೆ ಕಂದಾಗುತ್ತದೆ; ಕೊಕ್ಕು ಮತ್ತು ಸೊಂಟದ ಕೆಂಪು ಆಗಲೂ ಉಳಿದಿರುತ್ತದೆ. ಜುಲೈ, ಆಗಸ್ಟಿನಲ್ಲಿ ಜವುಗು ಹುಲ್ಲಿನಲ್ಲಿ ಕಂಡ ಕೆಂಪು ಹಕ್ಕಿ ರೋಸ್‌ಫಿಂಚ್ ಆಗಿರಲು ಸಾಧ್ಯವೇ ಇಲ್ಲ, ಏಕೆಂದರೆ ಅದು ಆಗ ಹಿಮಾಲಯದಲ್ಲೋ ಅದರಾಚೆಗೋ ಗೂಡಿನಲ್ಲಿರುತ್ತದೆ. ತಾರೀಖು ಹಕ್ಕಿಯ ಮೈಮೇಲಿಲ್ಲದ ಗುರುತು.

ಉಳಿದ ಹತ್ತಿರದ ರೂಪಗಳು ಇಷ್ಟು ಕಾಡುವುದಿಲ್ಲ. ಸಂತಾನಕಾಲ ಕಳೆದ ಗೀಜಗಗಳಿಗೆ ಗಂಡುಹೆಣ್ಣೆನ್ನದೆ ಕಣ್ಣಿನ ಮೇಲೆ ಅಗಲವಾದ ಮಸುಕು ಹುಬ್ಬು, ಬೆನ್ನಿನಲ್ಲಿ ದಟ್ಟ ಗೆರೆ, ಗಿಡ್ಡ ಬಾಲ ಇರುತ್ತವೆ. ಹೆಣ್ಣು ಗುಬ್ಬಚ್ಚಿಗೂ ಕಣ್ಣಿನ ಹಿಂದೆ ಹುಬ್ಬಿದೆ, ಅದು ಮನೆಗಳನ್ನು ಬಿಟ್ಟು ತೋಟದೊಳಗೆ ದೂರ ಹೋಗುವುದಿಲ್ಲ. ಹಳದಿ ಗಂಟಲಿನ ಗುಬ್ಬಿಗೆ ರೋಸ್‌ಫಿಂಚಿನಂತೆ ಬೋಳು ಮುಖವೂ ರೆಕ್ಕೆಪಟ್ಟಿಯೂ ಇದ್ದರೂ ಕೊಕ್ಕು ಸಪೂರ, ಎದೆ ಗೀರಿಲ್ಲದ್ದು. ಭಾರತದ ಪಕ್ಷಿಶಾಸ್ತ್ರ ಈ ಗುಬ್ಬಿಗೆ ಋಣಿಯಾಗಿದೆ: ಬಾಲಕ ಸಲೀಂ ಅಲಿ ಏರ್‌ಗನ್ನಿನಿಂದ ಹೊಡೆದುರುಳಿಸಿದ ಹಕ್ಕಿ ಇದೇ, ಇದರ ಹೆಸರು ತಿಳಿಯಲೆಂದೇ ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲರ್ಡ್ ಅವರ ಬಳಿಗೆ ಹೋದದ್ದು, 1985ರಲ್ಲಿ ಪ್ರಕಟವಾದ ಅವರ ಆತ್ಮಕಥೆಯ ಶೀರ್ಷಿಕೆಯಲ್ಲೂ ಇದೇ ಗುಬ್ಬಿ ಉಳಿದಿದೆ. ಒಂದು ಅಪರಿಚಿತ ಹಕ್ಕಿಯ ಗುರುತಿನ ಪ್ರಶ್ನೆಯೇ ಅವರ ವೃತ್ತಿಯ ಆರಂಭವಾಯಿತು.

ಯಾವ ಪುಸ್ತಕದಲ್ಲೂ ಸಿಗದ ಹಸಿರು ಅಥವಾ ಗಾಢ ಹಳದಿಯ ರಾಟವಾಳ ಕಂಡರೆ ಹೊಸ ಪ್ರಭೇದ ದೊರೆಯಿತೆಂದು ಹಿಗ್ಗುವ ಮುನ್ನ ಯೋಚಿಸುವುದು ಒಳ್ಳೆಯದು. ರಾಟವಾಳಗಳನ್ನು ಹಿಡಿದು, ವಿದೇಶಿ ಹಕ್ಕಿಗಳಂತೆ ಕಾಣಲೆಂದು ಬಣ್ಣ ಹಚ್ಚಿ ಮಾರುವ ದಂಧೆ ಭಾರತದ ನಗರಗಳಲ್ಲಿ ಬಹುಕಾಲದಿಂದ ನಡೆದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವನ್ನು ಹಿಡಿಯುವುದೂ ಮಾರುವುದೂ ಅಪರಾಧ. ತಪ್ಪಿಸಿಕೊಂಡ ಇಂಥ ಹಕ್ಕಿಯ ಬಣ್ಣ ಮುಂದಿನ ಬಾರಿ ಗರಿ ಉದುರುವವರೆಗೆ ಮಾತ್ರ ಉಳಿಯುತ್ತದೆ.

ಇನ್ನು ಕೈಪಿಡಿಯ ವಿಚಾರ. ಜೆರ್ಡನ್ ಅವರಂಥ ಹಿಂದಿನವರ ಗ್ರಂಥಗಳು ಕೈಯಲ್ಲಿ ಹಿಡಿದ ಹಕ್ಕಿಗಾಗಿ, ಅಂದರೆ ಗುಂಡು ಹೊಡೆದು ಕೆಡವಿದ ಮಾದರಿಗಾಗಿ, ಬರೆದಂಥವು. ರೆಕ್ಕೆಯ ಉದ್ದ, ಗರಿಗಳ ಸಂಖ್ಯೆ ಇವೇ ಅಲ್ಲಿನ ಗುರುತುಗಳು. ದೂರದಿಂದ ದುರ್ಬೀನಿನಲ್ಲಿ ನೋಡಿಯೇ ಗುರುತಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ಪ್ರಕಟಿಸಿದ ಕೈಪಿಡಿ: ಒಂದನ್ನೊಂದು ಹೋಲುವ ಹಕ್ಕಿಗಳನ್ನು ಒಂದೇ ಪುಟದಲ್ಲಿ, ಒಂದೇ ಭಂಗಿಯಲ್ಲಿ ಬಿಡಿಸಿ, ಅವುಗಳನ್ನು ಬೇರ್ಪಡಿಸುವ ಅಂಗಕ್ಕೆ ಸಣ್ಣ ಗೆರೆಯಿಂದ ಗುರಿತೋರುವುದು ಅವರ ಕ್ರಮ. ಭಾರತದಲ್ಲಿ 1941ರಲ್ಲಿ ಬಂದ ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಸಾಮಾನ್ಯ ಓದುಗರನ್ನು ಹಕ್ಕಿಗಳ ಕಡೆಗೆ ತಿರುಗಿಸಿತು. ಅದೇ ಕಾಲಕ್ಕೆ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದು, ಅದರ ವರದಿ 1942 ಮತ್ತು 1943ರಲ್ಲಿ ಬಾಂಬೆ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಡಿಲನ್ ರಿಪ್ಲಿಯವರೊಂದಿಗೆ ಅವರು ಬರೆದ ಹತ್ತು ಸಂಪುಟಗಳ ಮಹಾಗ್ರಂಥ 1968ರಿಂದ 1974ರ ಅವಧಿಯದು. ಹಕ್ಕಿಯ ಬದುಕನ್ನು ತಿಳಿಯಲು ಇಂದಿಗೂ ಅದಕ್ಕೆ ಸಾಟಿಯಿಲ್ಲವಾದರೂ ತೋಟಕ್ಕೆ ಒಯ್ಯುವ ಪುಸ್ತಕ ಅದಲ್ಲ.

ಇಂದು ಅಂಗಡಿಯಲ್ಲಿ ನಿಂತ ಕೊಳ್ಳುಗರಿಗೆ ಆಯ್ಕೆಗಳು ಹಲವು. ಗ್ರಿಮ್ಮೆಟ್ ಮತ್ತು ಇನ್‌ಸ್ಕಿಪ್ ದಂಪತಿಯ ಇಡೀ ಉಪಖಂಡದ ಕೈಪಿಡಿ 1998ರಲ್ಲಿ ಮೊದಲು ಬಂದು 2011ರಲ್ಲಿ ಪರಿಷ್ಕಾರಗೊಂಡಿತು. ಕಾಜ್ಮಿಯರ್‌ಚಾಕ್ ಮತ್ತು ವಾನ್ ಪೆರ್ಲೊ ಅವರ ಕೈಪಿಡಿ 2000ದ್ದು. ರಾಸ್‌ಮುಸೆನ್ ಮತ್ತು ಆ್ಯಂಡರ್ಟನ್ ಅವರ ಎರಡು ಸಂಪುಟಗಳು 2005ರಲ್ಲಿ ಬಂದು 2012ರಲ್ಲಿ ಎರಡನೆಯ ಆವೃತ್ತಿ ಕಂಡವು, ಕೂಗುಗಳನ್ನು ನಕ್ಷೆಯಾಗಿ ತೋರಿಸುವ ಅವು ಪಳಗಿದವರಿಗೆ ಮಾತ್ರ ಹಿತ. ಗೋಣಿಬೀಡಿನಂಥ ಊರಿನಲ್ಲಿ ಆರಂಭಿಸುವವರಿಗೆ ಇವೆಲ್ಲಕ್ಕಿಂತ ಹೆಚ್ಚು ಉಪಯುಕ್ತವಾದುದು ಗ್ರಿಮ್ಮೆಟ್ ಮತ್ತು ಟಿಮ್ ಇನ್‌ಸ್ಕಿಪ್ ಅವರ ದಕ್ಷಿಣ ಭಾರತಕ್ಕೆ ಸೀಮಿತವಾದ ‘ಬರ್ಡ್ಸ್ ಆಫ್ ಸದರ್ನ್ ಇಂಡಿಯಾ’. ಉಪಖಂಡದ ಕೈಪಿಡಿಯಲ್ಲಿ ರೋಸ್‌ಫಿಂಚ್ ಹುಡುಕಹೊರಟವರು ಹಿಮಾಲಯದ ಹತ್ತಾರು ರೋಸ್‌ಫಿಂಚ್‌ಗಳ, ಒಂದರಂತೆ ಒಂದಿರುವ ಕಂದು ಹೆಣ್ಣುಗಳ ನಡುವೆ ದಾರಿತಪ್ಪಿ, ಮೂಡಿಗೆರೆಗೆ ಎಂದೂ ಬಾರದ ಹಕ್ಕಿಯ ಹೆಸರನ್ನು ಬರೆದುಕೊಂಡು ಬರುವ ಸಂಭವ ಹೆಚ್ಚು. ಪ್ರಾದೇಶಿಕ ಪುಸ್ತಕ ಅಂಥ ತಪ್ಪಿಗೆ ಅವಕಾಶವನ್ನೇ ಕೊಡುವುದಿಲ್ಲ.

ಪುಸ್ತಕವನ್ನು ಪರೀಕ್ಷಿಸುವ ಸುಲಭ ಉಪಾಯವೆಂದರೆ ರಾಜಹಕ್ಕಿಯ ಪುಟವನ್ನು ಬಿಟ್ಟು ರಾಟವಾಳದ ಪುಟವನ್ನು ತೆರೆಯುವುದು. ಅಲ್ಲಿ ಮರಿಯ ಚಿತ್ರ ಉಂಟೇ, ರೋಸ್‌ಫಿಂಚಿನ ಹೆಣ್ಣನ್ನು ಗಂಡಿನಷ್ಟೇ ದೊಡ್ಡದಾಗಿ ಬರೆದಿದ್ದಾರೆಯೇ, ಚಿತ್ರದ ಎದುರು ಪುಟದಲ್ಲೇ ವಿವರಣೆಯೂ ನಕ್ಷೆಯೂ ಇವೆಯೇ, ನಕ್ಷೆ ಚಳಿಗಾಲದ ನೆಲೆಯನ್ನು ಬೇರೆ ಬಣ್ಣದಲ್ಲಿ ತೋರಿಸುತ್ತದೆಯೇ ಎಂದು ನೋಡಿದರೆ ಉಳಿದ ಪುಟಗಳ ಹಣೆಬರಹ ತಿಳಿದುಹೋಗುತ್ತದೆ. ಛಾಯಾಚಿತ್ರಗಳ ಪುಸ್ತಕ ಕಣ್ಣಿಗೆ ಚೆಂದ; ಆದರೆ ಛಾಯಾಚಿತ್ರದಲ್ಲಿರುವುದು ಒಂದು ಬೆಳಕಿನಲ್ಲಿ, ಒಂದು ಭಂಗಿಯಲ್ಲಿ ಸಿಕ್ಕ ಒಂದೇ ಹಕ್ಕಿ, ನುರಿತ ಕಲಾವಿದರು ಬರೆದ ಚಿತ್ರದಲ್ಲಿರುವುದು ಅನೇಕ ಹಕ್ಕಿಗಳನ್ನು ನೋಡಿ ಹಿಂಡಿ ತೆಗೆದ ಪ್ರಭೇದದ ಲಕ್ಷಣ. ಹಳೆಯ ಮುದ್ರಣಗಳನ್ನು ಕೊಳ್ಳುವವರು ಹೆಸರುಗಳ ಬದಲಾವಣೆಯನ್ನೂ ನೆನಪಿಡಬೇಕಾಗುತ್ತದೆ. ರೋಸ್‌ಫಿಂಚ್ ಕೆಲವು ಪಟ್ಟಿಗಳಲ್ಲಿ ಕಾರ್ಪೊಡಕಸ್ ಕುಲದಲ್ಲೂ ಕೆಲವು ಪಟ್ಟಿಗಳಲ್ಲಿ ಎರಿತ್ರೈನಾ ಕುಲದಲ್ಲೂ ಇದೆ. ಕಪ್ಪು ಗಂಟಲಿನ ರಾಟವಾಳ ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಕೆಂಗಂದು ಹೊಟ್ಟೆಯ ಮುನಿಯ ಎಂಬರ್ಥದ ಹೆಸರಿನಲ್ಲಿ ಅಡಗಿದೆ.

ಕನ್ನಡದ ಓದುಗರಿಗೆ, ಅದರಲ್ಲೂ ಈ ಸೀಮೆಯವರಿಗೆ, ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಮತ್ತು ‘ಹಕ್ಕಿಪುಕ್ಕ’ ಬೇರೆಯೇ ನೆಲೆಯ ಪುಸ್ತಕಗಳು. 2007ರಲ್ಲಿ ತೀರಿಕೊಳ್ಳುವವರೆಗೂ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ, ಹಕ್ಕಿಗಳನ್ನು ಕಾದು ಕುಳಿತು ಚಿತ್ರ ತೆಗೆಯುತ್ತ ಬದುಕಿದ ಅವರ ಬರಹದಲ್ಲಿ ಹಕ್ಕಿ ಯಾವ ಗಿಡದ ಬಳಿ, ಯಾವ ಕಾಲದಲ್ಲಿ, ಏನು ಮಾಡುತ್ತ ಸಿಗುತ್ತದೆ ಎಂಬುದು ಇದೇ ನೆಲದ ಅನುಭವದಿಂದ ಬಂದದ್ದು. ಮರಿಗರಿಯ ಸೂಕ್ಷ್ಮ ಭೇದಗಳಿಗೆ ಅವು ಕೈಪಿಡಿಯ ಬದಲಿಯಾಗಲಾರವು, ಕೈಪಿಡಿಗಳೂ ಅವುಗಳ ಬದಲಿಯಾಗಲಾರವು. ಒಂದು ಪ್ರಾದೇಶಿಕ ಕೈಪಿಡಿ ಮತ್ತು ತೇಜಸ್ವಿಯವರ ಒಂದು ಪುಸ್ತಕ, ಇವೆರಡಿದ್ದರೆ ಮೊದಲ ಕೆಲವು ವರ್ಷಗಳಿಗೆ ಮೂರನೆಯದರ ಅಗತ್ಯ ಬೀಳದು.

ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ರೂಪಿಸಿದ ಮರ್ಲಿನ್ ಎಂಬ ಮೊಬೈಲ್ ತಂತ್ರಾಂಶ ಈಗ ಭಾರತದ ಹಕ್ಕಿಗಳನ್ನೂ ಬಲ್ಲದು. ಊರು ಮತ್ತು ತಾರೀಖು ತಿಳಿಸಿದರೆ ಅಲ್ಲಿ ಆ ಕಾಲದಲ್ಲಿ ಸಿಗಬಹುದಾದ ಹಕ್ಕಿಗಳನ್ನು ಮಾತ್ರ ಮುಂದಿಡುವುದು ಅದರ ದೊಡ್ಡ ಗುಣ. ಆದರೆ ದೂರದಿಂದ ತೆಗೆದ ಮಸುಕು ಚಿತ್ರಕ್ಕೂ ಅದು ಯಾವುದಾದರೊಂದು ಹೆಸರು ಸೂಚಿಸುವುದರಿಂದ, ಎದೆಯಲ್ಲಿ ಗೀರಿದೆಯೇ, ಬಾಲ ಕವಲೊಡೆದಿದೆಯೇ ಎಂದು ಚಿತ್ರದಲ್ಲಿ ಹುಡುಕಿ ತೀರ್ಮಾನಿಸುವ ಹೊಣೆ ನೋಡಿದವರ ಮೇಲೆಯೇ ಉಳಿಯುತ್ತದೆ. ಹಕ್ಕಿ ಹಾರಿಹೋಗುವ ಮುನ್ನ ಪುಸ್ತಕ ತೆರೆಯದೆ ಹಕ್ಕಿಯನ್ನೇ ನೋಡುವುದು, ಹಾರಿದ ಮೇಲೆ ಕೊಕ್ಕು, ಮುಖ, ಎದೆ, ರೆಕ್ಕೆ, ಬಾಲ ಈ ಕ್ರಮದಲ್ಲಿ ಕಂಡದ್ದನ್ನು ಕಾಗದಕ್ಕಿಳಿಸಿ ಆಮೇಲೆ ಪುಟ ತಿರುವುವುದು ವಾಡಿಕೆಯಾದರೆ, ಚಿತ್ರದಲ್ಲಿದ್ದ ಗುರುತನ್ನು ಹಕ್ಕಿಯಲ್ಲೂ ಕಂಡೆನೆಂದು ಭ್ರಮಿಸುವ ಅಪಾಯ ತಗ್ಗುತ್ತದೆ.

ಇಷ್ಟಾಗಿಯೂ ಕೆಲವು ಕಂದು ಹಕ್ಕಿಗಳು ಹೆಸರು ಹೇಳದೆ ಹಾರಿಹೋಗುತ್ತವೆ. 2002ರಲ್ಲಿ ಆರಂಭವಾಗಿ ಈಗ ಭಾರತದಲ್ಲೂ ವ್ಯಾಪಕವಾಗಿ ಬಳಕೆಯಲ್ಲಿರುವ ಇಬರ್ಡ್ ದಾಖಲೆ ವ್ಯವಸ್ಥೆಯಲ್ಲಿ ಇದಕ್ಕೆಂದೇ ಅವಕಾಶವಿದೆ. ಪ್ರಭೇದ ಖಚಿತವಾಗದ ಮರಿಗಳ ಹಿಂಡನ್ನು ಬರಿಯ ಮುನಿಯ ಎಂದು ಕುಲದ ಮಟ್ಟದಲ್ಲಿ ನಮೂದಿಸಬಹುದು, ಮತ್ತು ಅಕ್ಟೋಬರಿನ ಗದ್ದೆಬದುವಿನ ಮಟ್ಟಿಗೆ ಬಹಳ ಸಲ ಅದೇ ಸರಿಯಾದ ನಮೂದು.